ಸಿರಿವಂತರ ತೆರಿಗೆ, ದುಡಿಯುವವರ ಸೂರು

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ಬೀದಿಗಳಲ್ಲಿ ಸಾಗುವವರಿಗೆ ಅನೇಕ ಹಳೆಯ ವಸತಿ ಕಟ್ಟಡಗಳ ಗೋಡೆಯ ಮೇಲೆ ದೊಡ್ಡ ಕೆಂಪು ಅಕ್ಷರಗಳು ಕಾಣುತ್ತವೆ. ವಿಯೆನ್ನಾ ನಗರಪಾಲಿಕೆಯು ವಸತಿ ನಿರ್ಮಾಣ ತೆರಿಗೆಯ ಹಣದಿಂದ ಇದನ್ನು ಕಟ್ಟಿಸಿತು ಎಂಬ ಒಕ್ಕಣೆ, ಜೊತೆಗೆ ಇಸವಿ. ಕಟ್ಟಿಸಿದವರ ಹೆಸರು ಕೆತ್ತಿಸುವ ಪದ್ಧತಿ ಎಲ್ಲ ಊರುಗಳಲ್ಲೂ ಉಂಟು. ಹಣ ಎಲ್ಲಿಂದ ಬಂತು ಎಂಬುದನ್ನೂ ಗೋಡೆಯ ಮೇಲೆ ಬರೆಸಿದ್ದು ಈ ಊರಿನ ವಿಶೇಷ. ಬಡವರಿಗೆ ಮನೆ ಬೇಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ದುಡ್ಡು ಕೊಡುವವರು ಯಾರು ಎಂದಾಗಲೇ ಜಗಳ. ವಿಯೆನ್ನಾದಲ್ಲಿ ಆ ಜಗಳ ಫಿರಂಗಿಯವರೆಗೂ ಹೋಯಿತು.

ಮೊದಲ ಮಹಾಯುದ್ಧಕ್ಕೆ ಮುಂಚೆ ಇದು ಒಂದು ಸಾಮ್ರಾಜ್ಯದ ರಾಜಧಾನಿ. ಸುಮಾರು ಇಪ್ಪತ್ತು ಲಕ್ಷ ಜನ. ಅರಮನೆ, ಸಂಗೀತ, ಕಾಫಿ ಹೌಸುಗಳ ಈ ನಗರದಲ್ಲಿ ಕಾರ್ಮಿಕರು ಇದ್ದದ್ದು ನಮ್ಮ ಹಳೆಯ ವಠಾರಗಳಂಥ ಕಟ್ಟಡಗಳಲ್ಲಿ. ಓಣಿಯ ಮೂಲೆಯಲ್ಲೊಂದು ನಲ್ಲಿ, ಹಲವು ಸಂಸಾರಗಳಿಗೆ ಒಂದೇ ಕಕ್ಕಸು. ಬಾಡಿಗೆ ಹೊಂದಿಸಲಾಗದೆ ಮನೆಯವರು ತಮ್ಮ ಹಾಸಿಗೆಯನ್ನೇ ಹೊರಗಿನವರಿಗೆ ಬಾಡಿಗೆಗೆ ಕೊಡುತ್ತಿದ್ದರು. ರಾತ್ರಿ ಪಾಳಿಯವನು ಹಗಲು ಬಂದು ಮಲಗಿ ಎದ್ದು ಹೋಗುತ್ತಿದ್ದ. ಕ್ಷಯರೋಗಕ್ಕೆ ‘ವಿಯೆನ್ನಾ ಕಾಯಿಲೆ’ ಎಂದೇ ಹೆಸರು ಬಿದ್ದಿತ್ತು.

1918ರಲ್ಲಿ ಸಾಮ್ರಾಜ್ಯ ಕುಸಿಯಿತು. 1919ರ ಚುನಾವಣೆಯಲ್ಲಿ ನಗರಾಡಳಿತ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಕೈಗೆ ಬಂತು. 1922ರ ಜನವರಿ 1ರಂದು ವಿಯೆನ್ನಾಕ್ಕೆ ಪ್ರತ್ಯೇಕ ರಾಜ್ಯದ ಸ್ಥಾನ ಸಿಕ್ಕಿತು. ಕತೆಯ ತಿರುಳು ಇರುವುದೇ ಇಲ್ಲಿ. ರಾಜ್ಯವಾದ ಮೇಲೆ ನಗರಕ್ಕೆ ತನ್ನದೇ ತೆರಿಗೆಗಳನ್ನು ಹಾಕುವ ಅಧಿಕಾರ ಬಂತು. ಹಣಕಾಸಿನ ಹೊಣೆ ಹೊತ್ತಿದ್ದ ಹ್ಯೂಗೋ ಬ್ರೈಟ್ನರ್ ಹಿಂದೆ ಬ್ಯಾಂಕಿನ ನಿರ್ದೇಶಕರಾಗಿದ್ದವರು, ಲೆಕ್ಕದಲ್ಲಿ ಗಟ್ಟಿಗರು.

ಅವರು ಮೊದಲು ಕೈಯಿಟ್ಟದ್ದು ಭೋಗವಸ್ತುಗಳಿಗೆ. ಕಾರು, ಪಂದ್ಯದ ಕುದುರೆ, ಐಷಾರಾಮಿ ಹೋಟೆಲು, ಮನರಂಜನೆ ಎಲ್ಲಕ್ಕೂ ತೆರಿಗೆ. ಮನೆಯಲ್ಲಿ ಒಬ್ಬ ಆಳಿದ್ದರೆ ತೆರಿಗೆಯಿಲ್ಲ, ಎರಡನೆಯವರಿಂದ ಲೆಕ್ಕ ಶುರು. 1923ರಲ್ಲಿ ವಸತಿ ನಿರ್ಮಾಣ ತೆರಿಗೆ ಬಂತು. ಯುದ್ಧಪೂರ್ವದ ಬಾಡಿಗೆಯ ಆಧಾರದ ಮೇಲೆ ಇದನ್ನು ಎಲ್ಲರೂ ಕೊಡಬೇಕಿತ್ತು. ಆದರೆ ಮನೆ ದೊಡ್ಡದಾದಂತೆ ದರವೂ ಏರುತ್ತಿತ್ತು. ಅತಿ ದುಬಾರಿಯಾದ ಶೇ 0.5ರಷ್ಟು ಆಸ್ತಿಗಳಿಂದಲೇ ಈ ತೆರಿಗೆಯ ಶೇ 40ಕ್ಕೂ ಹೆಚ್ಚು ವರಮಾನ ಬರುತ್ತಿತ್ತು.

ಸಾಲ ತಂದು ಕಟ್ಟಬಹುದಿತ್ತಲ್ಲ ಎಂದು ಕೇಳಬಹುದು. ಸಾಲ ತಂದರೆ ಬಡ್ಡಿ ಕಟ್ಟಬೇಕು, ಬಡ್ಡಿ ಬಾಡಿಗೆಯಲ್ಲೇ ವಸೂಲಾಗಬೇಕು. ಆಗ ಯಾರಿಗಾಗಿ ಮನೆ ಕಟ್ಟಿಸಿದರೋ ಅವರಿಗೇ ಅದು ಕೈಗೆಟುಕುವುದಿಲ್ಲ. ಬ್ರೈಟ್ನರ್ ಆಯಾ ವರ್ಷದ ತೆರಿಗೆ ಹಣದಿಂದಲೇ ಕಟ್ಟಿಸಿದರು. ತೀರಿಸಬೇಕಾದ ಸಾಲವೇ ಇಲ್ಲದ್ದರಿಂದ ಬಾಡಿಗೆ ನಿರ್ವಹಣೆಯ ಖರ್ಚಿಗೆ ಸಾಕಾದರೆ ಆಯಿತು. ಅದು ಕಾರ್ಮಿಕನ ಸಂಪಾದನೆಯ ಶೇ 4ರ ಆಸುಪಾಸಿನಲ್ಲಿತ್ತು.

ನಿವೇಶನದ ಬೆಲೆಯೂ ಇಳಿದಿತ್ತು. ಯುದ್ಧಕಾಲದಲ್ಲಿ, 1917ರಲ್ಲಿ ಬಂದ ಬಾಡಿಗೆ ನಿಯಂತ್ರಣವನ್ನು ತೆಗೆದಿರಲಿಲ್ಲ. ಹಣದುಬ್ಬರದಲ್ಲಿ ಆ ಬಾಡಿಗೆಗೆ ಬೆಲೆಯೇ ಉಳಿಯಲಿಲ್ಲ. ಲಾಭವಿಲ್ಲವೆಂದು ಖಾಸಗಿಯವರು ಕಟ್ಟುವುದನ್ನು ನಿಲ್ಲಿಸಿದರು, ಭೂಮಿ ಅಗ್ಗವಾಯಿತು, ಪಾಲಿಕೆ ಕೊಳ್ಳುತ್ತಾ ಹೋಯಿತು. ಮನೆ ಮಾಲೀಕರ ಪಾಲಿಗೆ ಇದು ನುಂಗಲಾರದ ತುತ್ತು. ಅವರ ದೂರಿನಲ್ಲಿ ನಿಜವಿರಲಿಲ್ಲ ಎನ್ನುವಂತಿಲ್ಲ.

ಐದು ವರ್ಷಗಳಲ್ಲಿ 25 ಸಾವಿರ ಮನೆ ಎಂದು 1923ರಲ್ಲಿ ಹಾಕಿಕೊಂಡ ಗುರಿ ಅವಧಿಗೆ ಮುನ್ನವೇ ಮುಟ್ಟಿತು. 1934ರ ಹೊತ್ತಿಗೆ 60 ಸಾವಿರಕ್ಕೂ ಹೆಚ್ಚು ಮನೆಗಳು ಎದ್ದಿದ್ದವು. ನಿರುದ್ಯೋಗದ ಕಾಲವಾದ್ದರಿಂದ ಯಂತ್ರಗಳ ಬದಲು ಇಟ್ಟಿಗೆ ಕಟ್ಟಡಕ್ಕೇ ಒತ್ತು. ಹೆಚ್ಚು ಕೈಗಳಿಗೆ ಕೆಲಸ. ಮನೆಗಳು ಚಿಕ್ಕವೇ. ಆರಂಭದಲ್ಲಿ ಬಹುಪಾಲು 38 ಚದರ ಮೀಟರಿನವು, ಒಳಗೆ ಬಚ್ಚಲುಮನೆಯಿಲ್ಲ. ಆದರೆ ನಲ್ಲಿ, ಕಕ್ಕಸು ಮನೆಯೊಳಗೇ ಬಂದವು. ಸ್ನಾನಗೃಹ, ಬಟ್ಟೆ ಒಗೆಯುವ ಕೇಂದ್ರ, ಶಿಶುವಿಹಾರ, ಗ್ರಂಥಾಲಯ ಎಲ್ಲರಿಗೂ ಸೇರಿದ್ದು. ವಾಸ್ತುಶಿಲ್ಪಿ ಕಾರ್ಲ್ ಏನ್ ರೂಪಿಸಿದ ಕಾರ್ಲ್ ಮಾರ್ಕ್ಸ್ ಹೋಫ್ 1930ರಲ್ಲಿ ಉದ್ಘಾಟನೆಯಾಯಿತು. ಉದ್ದ ಒಂದು ಕಿಲೋಮೀಟರಿಗೂ ಹೆಚ್ಚು, ಮನೆಗಳು 1,382. ನಿವೇಶನದ ಐದನೇ ಒಂದು ಭಾಗಕ್ಕಿಂತ ಕಡಿಮೆ ಜಾಗದಲ್ಲಿ ಕಟ್ಟಡ, ಉಳಿದದ್ದು ಅಂಗಳ, ಮರಗಿಡ.

ತೆರಿಗೆ ಕೊಟ್ಟವರ ಸಿಟ್ಟೆಲ್ಲ ಬ್ರೈಟ್ನರ್ ಮೇಲೆ ತಿರುಗಿತು. ಅವರು ಯಹೂದಿ ಮನೆತನದವರು ಎಂಬುದೂ ವಿರೋಧಿಗಳಿಗೆ ಅಸ್ತ್ರವಾಯಿತು. ಅವರ ತಲೆ ಉರುಳಬೇಕು ಎಂದು ಬಲಪಂಥೀಯ ಹೈಮ್‌ವೇರ್ ಪಡೆಯ ನಾಯಕ ಸ್ಟಾರೆಂಬರ್ಗ್ 1930ರಲ್ಲಿ ಬಹಿರಂಗ ಸಭೆಯಲ್ಲೇ ಗುಡುಗಿದರು. 1934ರ ಫೆಬ್ರುವರಿಯಲ್ಲಿ ಅಂತರ್ಯುದ್ಧ ಸ್ಫೋಟಿಸಿತು. ಕಾರ್ಮಿಕರ ಪಡೆ ಅಡಗಿದ್ದ ಕಾರ್ಲ್ ಮಾರ್ಕ್ಸ್ ಹೋಫ್ ಮೇಲೆ ಸೈನ್ಯ ಫಿರಂಗಿ ಹಾರಿಸಿತು. ಮೇಯರ್ ಕಾರ್ಲ್ ಸೈಟ್ಜ್ ಬಂಧನಕ್ಕೊಳಗಾದರು, ಯೋಜನೆ ನಿಂತಿತು. ಬ್ರೈಟ್ನರ್ ದೇಶ ಬಿಟ್ಟು, 1946ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು.

ಮನೆಗಳು ಮಾತ್ರ ಉಳಿದವು. ಬಾಡಿಗೆಗೆ ಕೊಟ್ಟಿದ್ದರೇ ಹೊರತು ಮಾರಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಪಾಲಿಕೆ ಮತ್ತೆ ಕಟ್ಟತೊಡಗಿತು. ಇಂದು ಅದರ ಕೈಯಲ್ಲಿ ಸುಮಾರು 2,20,000 ಮನೆಗಳಿವೆ. ಹಣದ ದಾರಿ ಈಗ ಬೇರೆ. ನೌಕರರ ಸಂಬಳದ ಆಧಾರದ ಮೇಲೆ ವಸತಿ ವಂತಿಗೆ ಸಂಗ್ರಹವಾಗುತ್ತದೆ. ಅರ್ಧ ನೌಕರನದು, ಅರ್ಧ ಮಾಲೀಕನದು. ಲಾಭಕ್ಕೆ ಮಿತಿಯಿರುವ ವಸತಿ ಸಂಘಗಳಿಗೆ ನಗರವು ಕಡಿಮೆ ಬಡ್ಡಿಯ ಸಾಲ ಕೊಡುತ್ತದೆ. ಅವು ಮರುಪಾವತಿಸಿದ ಹಣ ಮತ್ತೆ ಹೊಸ ಮನೆಗಳಿಗೆ ಒದಗುತ್ತದೆ. ಭೂಮಿ ಕೊಂಡಿಡಲು 1984ರಿಂದ ಪ್ರತ್ಯೇಕ ನಿಧಿಯಿದೆ. ದೊಡ್ಡ ಜಾಗಗಳಿಗೆ 1995ರಿಂದ ಸ್ಪರ್ಧೆ ಏರ್ಪಡಿಸಿ, ವೆಚ್ಚದ ಜೊತೆಗೆ ವಿನ್ಯಾಸವನ್ನೂ ಪರಿಸರವನ್ನೂ ತೂಗಿ ನೋಡುತ್ತಾರೆ.

ಕೊರತೆಗಳಿಲ್ಲವೆಂದಲ್ಲ. ಪಾಲಿಕೆ ಮನೆಗೆ ಅರ್ಜಿ ಹಾಕಲು ಎರಡು ವರ್ಷ ಊರಿನಲ್ಲಿ ನೆಲೆಸಿರಬೇಕು ಎಂಬ ನಿಯಮದಿಂದ ಹೊಸಬರು ದುಬಾರಿ ಖಾಸಗಿ ಮನೆಗಳನ್ನೇ ಹುಡುಕಬೇಕಾಯಿತು. ಐರೋಪ್ಯ ಒಕ್ಕೂಟದ ಹೊರಗಿನ ವಲಸಿಗರಿಗೆ ಈ ಮನೆಗಳ ಬಾಗಿಲು ತೆರೆದದ್ದು 2006ರಲ್ಲಿ. 2004ರ ನಂತರ ಪಾಲಿಕೆ ತಾನೇ ಕಟ್ಟಿಸುವುದನ್ನೂ ಬಿಟ್ಟಿತ್ತು. ಬಾಡಿಗೆಗಳು ಏರಿದಾಗ, 2015ರಲ್ಲಿ ಮತ್ತೆ ಆರಂಭಿಸುವ ನಿರ್ಧಾರವಾಯಿತು. ಮೊದಲ ಹೊಸ ಕಟ್ಟಡ 2019ರಲ್ಲಿ ಸಿದ್ಧವಾಯಿತು: 120 ಮನೆಗಳು, ಚದರ ಮೀಟರಿಗೆ ತಿಂಗಳ ಬಾಡಿಗೆ 7.50 ಯೂರೊ, ಅವಧಿಯ ಮಿತಿಯಿಲ್ಲ. ನಮ್ಮ ಬಾಡಿಗೆದಾರರು ಹೊಟ್ಟೆಕಿಚ್ಚು ಪಡುವ ಇನ್ನೊಂದು ಸಂಗತಿ, ಅಡ್ವಾನ್ಸ್ ಕೊಡಬೇಕಿಲ್ಲ.