ಗಣಕಭಾಷೆಗಳ ನಿರ್ಮಾಣದಲ್ಲಿ ವಿದ್ವಾಂಸರ ಪಾತ್ರ

ಮಾನವನು ತನ್ನ ಇಚ್ಛೆಯನ್ನು ಗಣಕಯಂತ್ರಕ್ಕೆ ತಿಳಿಸುವುದಕ್ಕಾಗಿ ರಚಿಸಿಕೊಂಡ ಕೃತಕ ಭಾಷೆಗಳಿಗೆ ಕ್ರಮವಿಧಿ ಭಾಷೆಗಳೆಂದು ಹೆಸರು. ಯಂತ್ರವು ಬಲ್ಲುದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳನ್ನು. ನಾವು ಬರೆದ ವಾಕ್ಯಗಳನ್ನು ಆ ಅಂಕಿಗಳಿಗೆ ಪರಿವರ್ತಿಸಿ ಕೊಡುವ ಅನುವಾದಕನಿಗೆ ಕಂಪೈಲರ್ ಎನ್ನುತ್ತಾರೆ. ಇಂತಹ ಭಾಷೆಗಳನ್ನು ನಿರ್ಮಿಸಿದವರಾರು? ೧೯೫೭ರಲ್ಲಿ ಹೊರಬಂದ ಫೋರ್ಟ್ರಾನ್ ಐ.ಬಿ.ಎಂ. ಸಂಸ್ಥೆಯ ಕೊಡುಗೆ, ಎಪ್ಪತ್ತರ ದಶಕದ ಆರಂಭದಲ್ಲಿ ರೂಪುಗೊಂಡ ಸಿ ಭಾಷೆಯು ಬೆಲ್ ಪ್ರಯೋಗಾಲಯದ್ದು. ಇದನ್ನು ಕಂಡು, ಉಪಯುಕ್ತ ಭಾಷೆಗಳನ್ನು ಕಟ್ಟುವುದು ಉದ್ಯಮವೇ ಹೊರತು ವಿಶ್ವವಿದ್ಯಾನಿಲಯಗಳಲ್ಲ, ಅಲ್ಲಿನ ವಿದ್ವಾಂಸರು ಪ್ರಬಂಧಗಳನ್ನಷ್ಟೇ ಬರೆಯುತ್ತಾರೆ ಎನ್ನುವವರುಂಟು. ಈ ಮಾತು ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ಮೂರು ನಿದರ್ಶನಗಳಿಂದ ಪರಿಶೀಲಿಸೋಣ.

ಮೊದಲನೆಯದು ಬೇಸಿಕ್. ಅಮೆರಿಕದ ಡಾರ್ಟ್ಮತ್ ಕಾಲೇಜಿನ ಗಣಿತ ಪ್ರಾಧ್ಯಾಪಕರಾದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಅವರು, ಸಾಹಿತ್ಯ, ಇತಿಹಾಸಗಳನ್ನು ಓದುವ ವಿದ್ಯಾರ್ಥಿಗಳೂ ಗಣಕವನ್ನು ಬಳಸುವಂತಾಗಬೇಕೆಂದು ಬಯಸಿದರು. ಆ ಕಾಲದ ಭಾಷೆಗಳು ಅಂಥವರಿಗೆ ಎಟುಕುವಂತಿರಲಿಲ್ಲ. ಆದುದರಿಂದ ಲೆಟ್, ಪ್ರಿಂಟ್ ಮುಂತಾದ ಬೆರಳೆಣಿಕೆಯ ಸರಳ ಪದಗಳಿಂದ ಹೊಸ ಭಾಷೆಯೊಂದನ್ನು ರೂಪಿಸಿದರು. ಹಲವರು ಏಕಕಾಲದಲ್ಲಿ ಒಂದೇ ಯಂತ್ರವನ್ನು ಬಳಸುವ ವ್ಯವಸ್ಥೆಯನ್ನೂ ಜೊತೆಗೆ ಕಟ್ಟಿದರು. ಈ ಕಾರ್ಯದಲ್ಲಿ ಕಾಲೇಜಿನ ವಿದ್ಯಾರ್ಥಿಗಳೇ ದುಡಿದರೆಂಬುದು ಗಮನಾರ್ಹ. ೧೯೬೪ರ ಮೇ ೧ರ ಬೆಳಗಿನ ಜಾವದಲ್ಲಿ ಬೇಸಿಕ್ ಮೊಟ್ಟಮೊದಲು ನಡೆಯಿತು. ಮುಂದೆ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಮನೆಮನೆಗೆ ಬಂದ ಚಿಕ್ಕ ಗಣಕಗಳ ಭಾಷೆಯೂ ಬಹುಮಟ್ಟಿಗೆ ಇದೇ ಆಯಿತು.

ಎರಡನೆಯದು ಪ್ಯಾಸ್ಕಲ್. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ನಿಕ್ಲಾಸ್ ವಿರ್ತ್ ಅವರು ೧೯೭೦ರಲ್ಲಿ ಪ್ರಕಟಿಸಿದ ಭಾಷೆಯಿದು. ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞನ ಹೆಸರನ್ನು ಅದಕ್ಕಿಟ್ಟರು. ವಿದ್ಯಾರ್ಥಿಗಳಿಗೆ ಆರಂಭದಿಂದಲೇ ಶಿಸ್ತಿನ ಬರವಣಿಗೆ ಕಲಿಸಬೇಕೆಂಬುದು ಅವರ ಗುರಿ. ಆದರೆ ಭಾಷೆ ತರಗತಿಯಲ್ಲಿಯೇ ನಿಲ್ಲಲಿಲ್ಲ. ೧೯೮೩ರಲ್ಲಿ ಬೋರ್ಲೆಂಡ್ ಸಂಸ್ಥೆಯು ಆಂಡರ್ಸ್ ಹೈಲ್ಸ್‌ಬರ್ಗ್ ಅವರ ಕಂಪೈಲರನ್ನು ಟರ್ಬೋ ಪ್ಯಾಸ್ಕಲ್ ಎಂಬ ಹೆಸರಿನಲ್ಲಿ ಅಗ್ಗದ ಬೆಲೆಗೆ ಮಾರಿದಾಗ ಅದು ವೃತ್ತಿಪರರ ಕೈಸೇರಿತು. ಅದೇ ಹೈಲ್ಸ್‌ಬರ್ಗ್ ಅವರು ಮುಂದೆ ಮೈಕ್ರೋಸಾಫ್ಟ್‌ನಲ್ಲಿ ಸಿ ಶಾರ್ಪ್ ಮತ್ತು ಟೈಪ್‌ಸ್ಕ್ರಿಪ್ಟ್ ಭಾಷೆಗಳ ಶಿಲ್ಪಿಯಾದರು. ಮೂಲ ಪ್ಯಾಸ್ಕಲಿನಲ್ಲಿ ಕೊರತೆಗಳಿದ್ದುದೂ ನಿಜ. ಹತ್ತು ಸಂಖ್ಯೆಗಳ ಪಟ್ಟಿಗೆಂದು ಬರೆದ ವಿಧಿಯು ಇಪ್ಪತ್ತು ಸಂಖ್ಯೆಗಳ ಪಟ್ಟಿಗೆ ಸಲ್ಲುತ್ತಿರಲಿಲ್ಲ. ಇಂತಹವನ್ನು ತಿದ್ದಿಕೊಂಡವರು ಅದನ್ನು ದಿನನಿತ್ಯ ಬಳಸಿದವರು.

ಮೂರನೆಯ ನಿದರ್ಶನ ಸ್ವಲ್ಪ ಸೂಕ್ಷ್ಮವಾದುದು. ಎಪ್ಪತ್ತರ ದಶಕದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿದ್ದ ರಾಬಿನ್ ಮಿಲ್ನರ್ ಅವರಿಗೆ ಹೊಸ ಭಾಷೆ ಕಟ್ಟುವುದೇ ಉದ್ದೇಶವಾಗಿರಲಿಲ್ಲ. ಗಣಿತದ ಸಾಧನೆಗಳನ್ನು ಹಂತಹಂತವಾಗಿ ಪರೀಕ್ಷಿಸುವ ಯಂತ್ರವ್ಯವಸ್ಥೆಯೊಂದು ಅವರಿಗೆ ಬೇಕಾಗಿತ್ತು. ಅದನ್ನು ನಡೆಸಲು ಎಂ.ಎಲ್. ಎಂಬ ಭಾಷೆಯನ್ನು ತಮ್ಮ ಸಹೋದ್ಯೋಗಿಗಳೊಡನೆ ಮಾಡಿಕೊಂಡರು. ಆ ವ್ಯವಸ್ಥೆಯಲ್ಲಿ ‘ಪ್ರಮೇಯ’ ಎಂಬುದೇ ಒಂದು ಪ್ರತ್ಯೇಕ ವರ್ಗ; ತರ್ಕದ ನಿಯಮಗಳ ಮೂಲಕವಲ್ಲದೆ ಆ ವರ್ಗದ ವಸ್ತುವನ್ನು ಯಾರೂ ಸೃಷ್ಟಿಸುವಂತಿಲ್ಲ. ಸುಳ್ಳು ಪ್ರಮೇಯವು ಒಳನುಸುಳದಂತೆ ಭಾಷೆಯೇ ಕಾವಲು ಕಾಯುತ್ತದೆ. ಸಂಖ್ಯೆಯೊಡನೆ ಹೆಸರನ್ನು ಕೂಡಿಸಹೊರಟರೆ ಕ್ರಮವಿಧಿ ನಡೆಯುವ ಮೊದಲೇ ತಪ್ಪು ಬಯಲಾಗುತ್ತದೆ. ಪ್ರತಿಯೊಂದು ಪದದ ವರ್ಗವನ್ನು ಬರೆಯುವವನು ಹೇಳಬೇಕಾಗಿಯೂ ಇಲ್ಲ; ಸಂದರ್ಭದಿಂದ ಕಂಪೈಲರೇ ಊಹಿಸಿಕೊಳ್ಳುತ್ತದೆ. ಈ ಊಹೆಯ ವಿಧಾನವನ್ನು ಮಿಲ್ನರ್ ೧೯೭೮ರಲ್ಲಿ ಪ್ರಕಟಿಸಿದರು. ತರ್ಕಶಾಸ್ತ್ರಜ್ಞ ರೋಜರ್ ಹಿಂಡ್ಲಿ ಇದಕ್ಕೆ ಹತ್ತಿರದ ಫಲಿತಾಂಶವನ್ನು ೧೯೬೯ರಲ್ಲಿಯೇ ಕಂಡಿದ್ದುದರಿಂದ ಇಬ್ಬರ ಹೆಸರೂ ಅದಕ್ಕೆ ಅಂಟಿಕೊಂಡಿದೆ. ಎಂ.ಎಲ್. ವಂಶದಿಂದ ಫ್ರಾನ್ಸಿನಲ್ಲಿ ೧೯೯೬ರಲ್ಲಿ ಒಕ್ಯಾಮಲ್ ಹುಟ್ಟಿತು. ರಸ್ಟ್ ಭಾಷೆಯ ಪ್ರಥಮ ಕಂಪೈಲರನ್ನು ಬರೆದುದು ಒಕ್ಯಾಮಲಿನಲ್ಲಿ. ಆ ರಸ್ಟ್ ೨೦೧೫ರಲ್ಲಿ ತನ್ನ ಮೊದಲ ಸ್ಥಿರ ಆವೃತ್ತಿಯನ್ನು ಕಂಡು ಇಂದು ಉದ್ಯಮದಲ್ಲಿ ಬಳಕೆಯಲ್ಲಿದೆ. ಎಡಿನ್‌ಬರೋದ ಸಾಧನಾಪರೀಕ್ಷೆಯ ಕೊಠಡಿಯಿಂದ ಹೊರಟ ವಿಚಾರವು ಉದ್ಯಮವನ್ನು ಮುಟ್ಟಲು ಸುಮಾರು ನಾಲ್ಕು ದಶಕಗಳು ಬೇಕಾದವು.

ಈ ಮೂರರಲ್ಲಿ ಸಮಾನವಾಗಿರುವ ಅಂಶವಾವುದು? ವಿದ್ವಾಂಸರು ಭಾಷೆಗಾಗಿ ಭಾಷೆಯನ್ನು ಕಟ್ಟಲಿಲ್ಲ. ಕೆಮೆನಿ, ಕರ್ಟ್ಸ್ ಅವರ ಮುಂದೆ ಗಣಕವನ್ನೇ ಕಾಣದ ವಿದ್ಯಾರ್ಥಿಗಳಿದ್ದರು. ವಿರ್ತ್ ಅವರ ಮುಂದೆ ತಮ್ಮ ತರಗತಿಯಿತ್ತು. ಮಿಲ್ನರ್ ಅವರ ಮುಂದೆ ಮುಗಿಸಲೇಬೇಕಾದ ಸಂಶೋಧನೆಯಿತ್ತು. ನಿಜವಾದ ಅಗತ್ಯವೊಂದು ಎದುರಿಗಿದ್ದಾಗ ಪಾಂಡಿತ್ಯವು ತಾನಾಗಿ ಉಪಯುಕ್ತವಾಗುತ್ತದೆ. ಅಂತಹ ಅಗತ್ಯವಿಲ್ಲದೆ ರಚಿತವಾದ ಎಷ್ಟೋ ಭಾಷೆಗಳು ಪ್ರಬಂಧದ ಪುಟಗಳಲ್ಲಿಯೇ ಉಳಿದುಹೋದವು.

ವಿಶ್ವವಿದ್ಯಾನಿಲಯವು ಕೊಟ್ಟ ಇನ್ನೊಂದು ವಸ್ತುವೆಂದರೆ ಕಾಲಾವಕಾಶ. ವರ್ಷಾಂತ್ಯದ ಲಾಭನಷ್ಟಗಳನ್ನು ನೋಡುವ ಸಂಸ್ಥೆಯು ನಾಲ್ಕು ದಶಕ ಕಾಯಲಾರದು. ಆದುದರಿಂದ ವಿದ್ವಾಂಸನ ಭಾಷೆ ಪೇಟೆಯಲ್ಲಿ ಉಳಿಯಿತೇ ಎಂಬ ಒಂದೇ ಅಳತೆಗೋಲಿನಿಂದ ಅವನ ಶ್ರಮವನ್ನು ಅಳೆಯುವುದು ನ್ಯಾಯವಲ್ಲ; ಅದರ ಯಾವ ವಿಚಾರವು ಇಂದು ಯಾವ ಭಾಷೆಯಲ್ಲಿ ಬಾಳುತ್ತಿದೆ ಎಂದೂ ಕೇಳಬೇಕು. ನೆಟ್ಟವರೊಬ್ಬರು, ಫಲ ಉಂಡವರು ಇನ್ನೊಬ್ಬರು. ಇಂದು ಗಣಕದ ಮುಂದೆ ಕುಳಿತು ಕ್ರಮವಿಧಿಯ ಮೊದಲ ಸಾಲನ್ನು ಬರೆಯುವ ವಿದ್ಯಾರ್ಥಿಯು, ತನ್ನಂತಹ ವಿದ್ಯಾರ್ಥಿಗಳಿಗಾಗಿಯೇ ಈ ಹಾದಿಯನ್ನು ಕೆಲವರು ಅಧ್ಯಾಪಕರು ಸುಗಮಗೊಳಿಸಿದರೆಂಬುದನ್ನು ಅರಿತಿರುವುದು ಒಳಿತು.