ಫ್ರಾನ್ಸಿನ ರಾಜಕುಮಾರರ ಜನನಸ್ಮಾರಕ ರಜತಪದಕಗಳು

ನಾಣ್ಯವೂ ಪದಕವೂ ಒಂದೇ ಟಂಕಸಾಲೆಯಿಂದ ಹೊರಬರಬಹುದಾದರೂ ಅವುಗಳ ಪ್ರಯೋಜನ ಬೇರೆ ಬೇರೆ. ನಾಣ್ಯವು ಚಲಾವಣೆಗಾಗಿ ಹುಟ್ಟಿದುದು. ಪದಕಕ್ಕೆ ವಿನಿಮಯದ ಬೆಲೆಯಿಲ್ಲ, ಒಂದು ಸಂಗತಿಯನ್ನು ಲೋಕದ ನೆನಪಿನಲ್ಲಿ ಉಳಿಸುವುದೇ ಅದರ ಕೆಲಸ. ಫ್ರಾನ್ಸಿನ ಅರಸರು ಹೀಗೆ ಉಳಿಸಬಯಸಿದ ಸಂಗತಿಗಳಲ್ಲಿ ಯುದ್ಧವಿಜಯಗಳೊಡನೆ ಸಮಾನಸ್ಥಾನ ಪಡೆದದ್ದು ರಾಜಕುಮಾರರ ಜನನ. ಈ ಪದಕಗಳನ್ನು ಸಂಗ್ರಹಿಸುವವರು ಯೂರೋಪಿನಲ್ಲಿ ಬಹುಕಾಲದಿಂದ ಇದ್ದಾರೆ. ಆದರೆ ಇವುಗಳನ್ನು ಇತಿಹಾಸದ ಆಧಾರವಾಗಿ ಬಳಸಬೇಕಾದರೆ ಎಷ್ಟು ಎಚ್ಚರ ಬೇಕೆಂಬುದನ್ನು ಇಲ್ಲಿ ವಿವೇಚಿಸಬಯಸುತ್ತೇವೆ.

ಜನನಕ್ಕೆ ಇಷ್ಟು ಮಹತ್ತ್ವವೇಕೆ? ಫ್ರಾನ್ಸಿನಲ್ಲಿ ಹೆಣ್ಣುಮಕ್ಕಳಿಗಾಗಲಿ, ಅವರ ಮೂಲಕ ಬಂದ ಸಂತತಿಗಾಗಲಿ ಸಿಂಹಾಸನದ ಹಕ್ಕಿರಲಿಲ್ಲ. 1589ರಲ್ಲಿ ಮೂರನೆಯ ಹೆನ್ರಿ ಗಂಡುಸಂತಾನವಿಲ್ಲದೆ ಮಡಿದಾಗ, ಅವನ ದೂರದ ದಾಯಾದಿಯಾದ ನಾಲ್ಕನೆಯ ಹೆನ್ರಿ ತನ್ನ ರಾಜಧಾನಿಯನ್ನು ಪ್ರವೇಶಿಸಲು 1594ರವರೆಗೆ ಹೋರಾಡಬೇಕಾಯಿತು. ಆದುದರಿಂದ ಅರಮನೆಯಲ್ಲಿ ಗಂಡುಮಗು ಹುಟ್ಟಿತೆಂದರೆ ಅಂತಃಕಲಹದ ಭೀತಿ ದೂರವಾಯಿತೆಂದೇ ಅರ್ಥ. ಆ ಹೆನ್ರಿಗೆ 1601ರ ಸೆಪ್ಟೆಂಬರ್ 27ರಂದು ಫಾಂಟೆನ್‌ಬ್ಲೋ ಅರಮನೆಯಲ್ಲಿ ಮಗ ಹುಟ್ಟಿದನು. ಮುಂದೆ ಹದಿಮೂರನೆಯ ಲೂಯಿ ಎನಿಸಿಕೊಂಡವನು ಇವನೇ. ಶಿಲ್ಪಿ ಗಿಯೋಂ ದ್ಯುಪ್ರೆ 1603ರ ತೇದಿಯಿರುವ ತನ್ನ ಪ್ರಸಿದ್ಧ ಪದಕದಲ್ಲಿ ಅರಸನನ್ನು ಯುದ್ಧದೇವತೆ ಮಾರ್ಸ್‌ನಂತೆಯೂ, ರಾಣಿ ಮರೀ ದ ಮೆದಿಚಿಯನ್ನು ಪಲ್ಲಾಸ್ ದೇವಿಯಂತೆಯೂ ನಿಲ್ಲಿಸಿದ್ದಾನೆ. ನಡುವೆ ಮಗು, ಅದರ ಕಾಲಡಿಯಲ್ಲಿ ಡಾಲ್ಫಿನ್ ಮೀನು. ಫ್ರಾನ್ಸಿನ ಯುವರಾಜನ ಬಿರುದಾದ ‘ದೋಫಾಂ’ ಎಂಬ ಶಬ್ದಕ್ಕೆ ಆ ಮೀನೆಂಬ ಅರ್ಥವೂ ಉಂಟಾದುದರಿಂದ ಈ ಸಂಕೇತ. ಮೇಲಿನಿಂದ ಹದ್ದೊಂದು ಕಿರೀಟವನ್ನು ತರುತ್ತಿದೆ. ‘ಪ್ರೊಪಾಗೊ ಇಂಪೆರಿ’, ಎಂದರೆ ರಾಜ್ಯದ ಕುಡಿ, ಎಂಬುದು ಅದರ ಲ್ಯಾಟಿನ್ ಬರಹ. ಇದು ಅಚ್ಚೊತ್ತಿದ ಪದಕವಲ್ಲ, ಎರಕದ್ದು. ಮೂಲಪ್ರತಿಯಿಂದಲೇ ಅಚ್ಚು ತೆಗೆದು ಮತ್ತೆ ಎರಕ ಹೊಯ್ದರೆ ಲೋಹವು ಆರುವಾಗ ಕುಗ್ಗಿ ಹೊಸ ಪ್ರತಿ ಕೊಂಚ ಕಿರಿದಾಗುತ್ತದೆ. ಹೀಗಾಗಿ ಇಂಥ ಪದಕದ ವ್ಯಾಸವನ್ನು ಅಳೆಯುವುದು ಪರೀಕ್ಷಕನ ಮೊದಲ ಕೆಲಸ.

ಹದಿನಾಲ್ಕನೆಯ ಲೂಯಿಯ ಜನನವು ಇನ್ನೂ ಸ್ವಾರಸ್ಯಕರ. ತಂದೆತಾಯಿಗಳ ವಿವಾಹವಾಗಿ 23 ವರ್ಷಗಳು ಕಳೆದ ಬಳಿಕ, 1638ರ ಸೆಪ್ಟೆಂಬರ್ 5ರಂದು ಸ್ಯಾಂ ಜೆರ್ಮೆಯಲ್ಲಿ ಅವನು ಹುಟ್ಟಿದನು. ದೈವದತ್ತನೆಂಬ ಹೆಸರೂ ಅವನಿಗೆ ಬಂದಿತು. ಈ ಜನನದ ತೇದಿಯನ್ನು ಹೊತ್ತ ಪದಕವೊಂದರ ಮುಮ್ಮುಖದಲ್ಲಿ ತಾಯಿ ಆನ್ ರಾಣಿ ಮಗುವನ್ನೆತ್ತಿಕೊಂಡಿದ್ದಾಳೆ. ಹಿಮ್ಮುಖದಲ್ಲಿ ಪ್ಯಾರಿಸ್ಸಿನ ವಾಲ್ ದ ಗ್ರಾಸ್ ದೇವಾಲಯದ ಮುಂಭಾಗವಿದ್ದು, ಬಹುಕಾಲ ಬಯಸಿದ ಸಂತಾನದ ಕೃತಜ್ಞತೆಗಾಗಿ ಎಂಬ ಅರ್ಥದ ಬರಹವೂ 1638 ಎಂಬ ವರ್ಷವೂ ಇವೆ. ಇಷ್ಟನ್ನೇ ನೋಡಿದವರು ಪದಕವು ಆ ವರ್ಷದ್ದೆಂದು ಒಡನೆಯೇ ಹೇಳಿಬಿಡುತ್ತಾರೆ. ಆದರೆ ಮುಮ್ಮುಖದ ಬರಹವು ರಾಣಿಯನ್ನು ‘ರಾಜನಾದ ಹದಿನಾಲ್ಕನೆಯ ಲೂಯಿಯ ತಾಯಿ’ ಎಂದು ಕರೆಯುತ್ತದೆ. ಲೂಯಿ ಪಟ್ಟಕ್ಕೆ ಬಂದದ್ದು 1643ರಲ್ಲಿ. ಬಿರುದಾವಳಿಯಿಂದ ಶಾಸನದ ಕಾಲವನ್ನು ನಿರ್ಣಯಿಸುವ ಕ್ರಮ ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ. ಅದೇ ನ್ಯಾಯ ಇಲ್ಲಿಯೂ ಸಲ್ಲುತ್ತದೆ. ಆ ದೇವಾಲಯದ ಶಿಲಾನ್ಯಾಸವನ್ನು ಬಾಲರಾಜನೇ 1645ರ ಏಪ್ರಿಲ್ 1ರಂದು ನೆರವೇರಿಸಿದನು. ಪದಕವು ಆ ಸಂದರ್ಭಕ್ಕೆ ಸೇರಿದುದು. 1638 ಎಂಬುದು ಸ್ಮರಿಸಿದ ಘಟನೆಯ ವರ್ಷವೇ ಹೊರತು ಪದಕದ ವರ್ಷವಲ್ಲ.

ಅದೇ ಜನನವನ್ನು ಕುರಿತ ಇನ್ನೊಂದು ಪದಕ ‘ಓರ್ಟುಸ್ ಸೋಲಿಸ್ ಗಾಲ್ಲಿಚಿ’, ಎಂದರೆ ಫ್ರಾನ್ಸಿನ ಸೂರ್ಯೋದಯ. ನಡುವೆ ರಥಾರೂಢನಾದ ಶಿಶು, ಸುತ್ತಲೂ ರಾಶಿಚಕ್ರ. ಮಧ್ಯಾಹ್ನಕ್ಕೆ 38 ನಿಮಿಷಗಳ ಮುಂಚೆ ಎಂದು ಜನನದ ವೇಳೆಯನ್ನೂ ಕೊಟ್ಟಿದೆ. ಬೆಳ್ಳಿಯಲ್ಲಿ ಒತ್ತಿದ ಜಾತಕವೆಂದರೂ ಸಲ್ಲುತ್ತದೆ! ಆದರೆ ಲೂಯಿಯು ಸೂರ್ಯನನ್ನು ತನ್ನ ಲಾಂಛನವಾಗಿ ಕೈಕೊಂಡದ್ದು 1662ರಲ್ಲಿ. ಮರುವರ್ಷ, 1663ರಲ್ಲಿ, ಮಂತ್ರಿ ಕೋಲ್ಬೇರನು ಬರಹಗಳನ್ನೂ ಪದಕಗಳನ್ನೂ ರೂಪಿಸಲು ವಿದ್ವಾಂಸರ ಒಂದು ಚಿಕ್ಕ ಅಕಾಡೆಮಿಯನ್ನು ನೇಮಿಸಿದನು. ಅದರ ಶ್ರಮದ ಫಲವಾಗಿ 1702ರಲ್ಲಿ 286 ಪದಕಗಳ ಚಿತ್ರವಿವರಣೆಗಳ ಗ್ರಂಥವು ರಾಜಮುದ್ರಣಾಲಯದಿಂದ ಹೊರಬಂದಿತು. ಹುಟ್ಟಿದ ಶಿಶುವನ್ನು ಸೂರ್ಯನೆಂದು ಕಂಡದ್ದು ತೊಟ್ಟಿಲ ಬಳಿ ನಿಂತವರಲ್ಲ. ಪ್ರೌಢನಾದ ಅರಸನ ಆಸ್ಥಾನ. ಹಾಗೆಂದು ಪದಕವು ಸುಳ್ಳೆಂದು ತಳ್ಳಿಹಾಕಬೇಕಾಗಿಲ್ಲ. 1638ರ ವಿಷಯದಲ್ಲಿ ಅದು ದುರ್ಬಲ ಸಾಕ್ಷಿ. ಅನಂತರದ ಆಸ್ಥಾನದ ಮನೋಧರ್ಮದ ವಿಷಯದಲ್ಲಿ ಪ್ರಬಲ ಸಾಕ್ಷಿ.

ಹದಿನಾರನೆಯ ಲೂಯಿಯ ಮೊದಲ ಮಗ 1781ರ ಅಕ್ಟೋಬರ್ 22ರಂದು ಹುಟ್ಟಿದಾಗ ಬೆಂಜಮಿನ್ ದ್ಯುವಿವಿಯೇ ಕೆತ್ತಿದ ಪದಕದ ಮೇಲೆ ‘ಫೆಲಿಸಿಟಾಸ್ ಪುಬ್ಲಿಕಾ’, ಪ್ರಜೆಗಳ ಸೌಖ್ಯ, ಎಂದಿದೆ. 1789ರ ಮೇ 5ರಂದು ವರ್ಸೇಲ್ಸಿನಲ್ಲಿ ಮಹಾಸಭೆ ಸೇರಿತು. ಜೂನ್ 4ರಂದು ಆ ಬಾಲಕನು ತೀರಿಕೊಂಡನು. ಪ್ರಜೆಗಳ ಸೌಖ್ಯದ ಪ್ರಶ್ನೆಯನ್ನು ಆ ಸಭೆಯು ಬೇರೊಂದು ಬಗೆಯಲ್ಲಿ ಎತ್ತಿಕೊಂಡಿತೆಂಬುದನ್ನು ಇಲ್ಲಿ ಬೆಳೆಸಬೇಕಾಗಿಲ್ಲ.

ಇನ್ನು ಸಂಗ್ರಹದ ವಿಷಯ. ಕಂಚಿನ ಪದಕವನ್ನು ಕರಗಿಸಿದರೆ ಬರುವ ಲಾಭ ಅಲ್ಪ. ಬೆಳ್ಳಿಗೆ ಲೋಹದ ಬೆಲೆಯೇ ಶತ್ರು. ಆದುದರಿಂದ ಜನನಕಾಲದ ರಜತಪ್ರತಿಗಳು ವಿರಳ. ಆದರೆ ಪ್ಯಾರಿಸ್ ಟಂಕಸಾಲೆಯು ಹಳೆಯ ಅಚ್ಚುಗಳನ್ನು ಕಾಪಾಡಿಕೊಂಡು, ಬೇಡಿಕೆ ಬಂದಾಗ ಅವುಗಳಿಂದಲೇ ಹೊಸ ಪ್ರತಿಗಳನ್ನು ಒತ್ತಿ ಮಾರುತ್ತ ಬಂದಿದೆ. ಇವು ಖೋಟಾ ಪದಕಗಳಲ್ಲ; ಅಚ್ಚು ಹಳೆಯದು, ಒತ್ತಿದ ಕಾಲ ಮಾತ್ರ ಹೊಸದು. ಇದನ್ನು ಕಂಡುಕೊಳ್ಳಲು ಚಿತ್ರವನ್ನಲ್ಲ, ಅಂಚನ್ನು ನೋಡಬೇಕು. 1832ರಿಂದ ಟಂಕಸಾಲೆಯು ಅಂಚಿನಲ್ಲಿ ಒಂದು ಗುರುತನ್ನು ಹಾಕತೊಡಗಿತು: ಮೊದಲು ದೀಪ, 1841ರಿಂದ ಸ್ವಲ್ಪ ಕಾಲ ಲಂಗರು, ತರುವಾಯ 1845ರವರೆಗೆ ಹಡಗಿನ ಮೂತಿ, 1860ರವರೆಗೆ ಬೆರಳು ತೋರುವ ಕೈ, ಅಲ್ಲಿಂದ ಸುಮಾರು 1880ರವರೆಗೆ ಜೇನುನೊಣ, ಅನಂತರ ಸಮೃದ್ಧಿಯ ಕೊಂಬು. ಜೊತೆಯಲ್ಲಿ ಬೆಳ್ಳಿಯೆಂಬರ್ಥದ ‘ಆರ್ಜಾಂ’ ಎಂಬ ಶಬ್ದವಿರುತ್ತದೆ. 1781ರ ಪದಕದ ಅಂಚಿನಲ್ಲಿ ಜೇನುನೊಣವಿದ್ದರೆ ಅದನ್ನು ಒತ್ತುವ ವೇಳೆಗೆ ಅದರಲ್ಲಿ ಚಿತ್ರಿತರಾದ ರಾಜರಾಣಿಯರು ಮಡಿದು ಅರುವತ್ತು ವರ್ಷಗಳ ಮೇಲಾಗಿತ್ತು. ಗುರುತಿಲ್ಲದ ಮಾತ್ರಕ್ಕೆ ಪದಕವು ಜನನಕಾಲದ್ದೆಂದು ನಿರ್ಧರಿಸುವುದೂ ತಪ್ಪು. 1832ಕ್ಕೆ ಮುಂಚೆಯೂ ಮರುಮುದ್ರಣ ನಡೆಯುತ್ತಿತ್ತು. ಅಚ್ಚಿನ ಬಿರುಕು, ತುಕ್ಕಿನ ಕಲೆ ಮುಂತಾದುವು ಅಲ್ಲಿ ನೆರವಾಗುತ್ತವೆ. ಮಾರಾಟದ ಪಟ್ಟಿಗಳು ಚಿತ್ರದ ವರ್ಣನೆಗೆ ಹತ್ತು ಸಾಲು ಕೊಟ್ಟು ಅಂಚನ್ನು ಮರೆತುಬಿಡುವುದು ವಿಷಾದದ ಸಂಗತಿ.

1820ರ ಪದಕಗಳಲ್ಲಿ ಈ ಪರೀಕ್ಷೆಗೆ ರಾಜಕೀಯದ ಅರ್ಥವೂ ಬರುತ್ತದೆ. ಆ ವರ್ಷದ ಫೆಬ್ರವರಿಯಲ್ಲಿ ಬೆರಿಯ ಡ್ಯೂಕನು ಹಂತಕನ ಕಠಾರಿಗೆ ಬಲಿಯಾದನು. ಸೆಪ್ಟೆಂಬರ್ 29ರಂದು ಅವನ ವಿಧವೆಗೆ ಮಗ ಹುಟ್ಟಿದನು. ಬೂರ್ಬೋನ್ ವಂಶದ ಹಿರಿಯ ಶಾಖೆಯನ್ನು ಮುಂದುವರಿಸಬಲ್ಲ ಕುಡಿ ಅದೊಂದೇ; ಆ ಮಗುವನ್ನು ಪವಾಡದ ಶಿಶುವೆಂದರು, ‘ದೇವರು ಇವನನ್ನು ನಮಗೆ ಕೊಟ್ಟನು’ ಎಂದು ಪದಕದ ಮೇಲೆ ಬರೆದರು. 1830ರ ಕ್ರಾಂತಿಯಲ್ಲಿ ಆ ಶಾಖೆ ಪದಚ್ಯುತವಾಗಿ ಬಾಲಕನು ದೇಶಭ್ರಷ್ಟನಾದನು. ಅಭಿಮಾನಿಗಳು ಮಾತ್ರ 1831ರಲ್ಲಿಯೇ ಐದನೆಯ ಹೆನ್ರಿಯೆಂಬ ಹೆಸರಿನಲ್ಲಿ ಅವನಿಗೆ ಬೆಳ್ಳಿಯ ನಾಣ್ಯಗಳನ್ನೂ ಮಾಡಿಸಿದರು. ಅವನು ಪಟ್ಟವೇರದೆಯೇ 1883ರಲ್ಲಿ ತೀರಿಕೊಂಡನು. ಈ ಜನನಪದಕದ ಪ್ರತಿಯೊಂದರ ಅಂಚಿನಲ್ಲಿ ದೀಪದ ಗುರುತು ಕಂಡರೆ, ಅದನ್ನು ಒತ್ತಿಸಿದವರು ಹರ್ಷಿಸುತ್ತಿದ್ದುದು ತೊಟ್ಟಿಲ ಶಿಶುವಿಗಾಗಿಯಲ್ಲ, ಗಡಿಯಾಚೆ ಬೆಳೆಯುತ್ತಿದ್ದ ಒಬ್ಬ ಹಕ್ಕುದಾರನಿಗಾಗಿ ಎಂಬ ಸಾಧ್ಯತೆಯನ್ನು ಸಂಶೋಧಕನು ಮೊದಲು ಪರಿಶೀಲಿಸಬೇಕು.