ಇವತ್ತಿನ ರೇಟಿಗೆ ಕೊಡೋದೋ, ಬಿಡೋದೋ

ಮೈಸೂರಿನಿಂದ ಹುಣಸೂರು ರಸ್ತೆ ಹಿಡಿದು ಇಲವಾಲ ದಾಟಿದರೆ ಬಿಳಿಕೆರೆ. ಅಲ್ಲಿ ಬಲಕ್ಕೆ ಹೊರಳಿದರೆ ಕೆ.ಆರ್. ನಗರದ ಮೇಲೆ ಹಾಸನ, ನೇರ ಹೋದರೆ ಹುಣಸೂರು, ಪಿರಿಯಾಪಟ್ಟಣ, ಕೊಡಗು. ಹಿಂಗಾರಿನ ಹೊತ್ತಿಗೆ ಶುರುವಾಗಿ ಮಾರ್ಚ್‌ವರೆಗೂ ಈ ರಸ್ತೆಗಳಲ್ಲಿ ಹೊಗೆಸೊಪ್ಪಿನ ಬೇಲ್ ಹೇರಿಕೊಂಡ ಟೆಂಪೋಗಳ ಓಡಾಟ. ಹೊತ್ತಾರೆ ಎದ್ದು ಹರಾಜು ಮಾರುಕಟ್ಟೆಗೆ ಹೊರಟ ರೈತ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುವುದು ಒಂದೇ ಮಾತು: ‘ಅಣ್ಣ, ನೆನ್ನೆ ಎಷ್ಟಕ್ಕೆ ಹೋಯ್ತು?’ ಬೆಳಿಗ್ಗೆ 9.15ಕ್ಕೆ ಷೇರುಪೇಟೆ ತೆರೆಯುವಾಗ ಅದೇ ಊರುಗಳ ಹುಡುಗರು ಮೊಬೈಲ್ ಹಿಡಿದು ನೋಡುವುದೂ ಅದನ್ನೇ.

ಷೇರು ಈ ಭಾಗಕ್ಕೆ ಹೊಸದು, ಆದರೆ ದಿನದ ಬೆಲೆಯ ಮುಂದೆ ನಿಂತು ‘ಕೊಡ್ತೀನಿ’ ಅಥವಾ ‘ಕೊಡಲ್ಲ’ ಅನ್ನುವ ಕಸುಬು ಹೊಸದಲ್ಲ. ಪೇಟೆ ಅಲ್ಲಾಡುವಾಗ ಸಾಮಾನ್ಯ ಜನ ಏನು ಮಾಡುತ್ತಾರೆ ಎಂದು ತಿಳಿಯಲು ಹುಣಸೂರು ಸೀಮೆಯ ಹರಾಜು ಅಂಗಳಕ್ಕಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಕಡಿಮೆ. ಆರ್ಥಿಕ ಅಂಕಣ ಬರೆಯುವವರು ಬೆಂಗಳೂರಿನ ಟೆಕ್ಕಿಗಳನ್ನೇ ಮಾತಾಡಿಸಿ ಮುಗಿಸುವುದರಿಂದ ಇದು ಕಣ್ಣಿಗೆ ಬಿದ್ದಿಲ್ಲ.

ಹಳೆ ಮೈಸೂರಿನಲ್ಲಿ ಷೇರು ಅಂದರೆ ಬಹುಕಾಲ ಬೀರುವಿನಲ್ಲಿಟ್ಟ ಕಾಗದ. 1913ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಶುರುವಾದ ಬ್ಯಾಂಕ್ ಆಫ್ ಮೈಸೂರು ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಯಿತು. ಅದರ ಷೇರು ಇಟ್ಟುಕೊಂಡಿದ್ದವರು ದಿನಾ ರೇಟು ನೋಡುತ್ತಿರಲಿಲ್ಲ. 2017ರ ಏಪ್ರಿಲ್ 1ರಂದು ಬ್ಯಾಂಕು ಎಸ್‌ಬಿಐ ಜತೆ ವಿಲೀನವಾದಾಗ 10 ಷೇರಿಗೆ ಎಸ್‌ಬಿಐನ 22 ಷೇರು ಸಿಕ್ಕವು. ಹಿಂದೆಲ್ಲ ಷೇರು ಕೊಳ್ಳಬೇಕೆಂದರೆ, ಮಾರಬೇಕೆಂದರೆ ದಲ್ಲಾಳಿ ಬೇಕಿತ್ತು, ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜ್ ಬೇಕಿತ್ತು. 1963ರಲ್ಲಿ ಹುಟ್ಟಿದ ಆ ಪೇಟೆ 2014ರಲ್ಲಿ ಬಾಗಿಲು ಹಾಕಿತು. ಹಳ್ಳಿಯವರಿಗೆ ಅದು ಇದ್ದದ್ದೂ ಗೊತ್ತಿರಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ.

ಹಳ್ಳಿಯ ಪೇಟೆ ಬೇರೆಯೇ ಇತ್ತು. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರ ಬಂದದ್ದು 1957ರಲ್ಲಿ. ಇಲ್ಲಿನ ಹಗುರ ಮಣ್ಣಿನಲ್ಲಿ, ಮುಂಗಾರಿನ ಮಳೆಯಲ್ಲೇ ಬೆಳೆಯುವ ವರ್ಜೀನಿಯಾ ಹೊಗೆಸೊಪ್ಪು ಸಿಗರೇಟು ಕಂಪನಿಗಳಿಗೆ ಹಿಡಿಸಿತು. ಆಗ ಮಾರಾಟ ಅಂದರೆ ವ್ಯಾಪಾರಿ ಹೇಳಿದ್ದೇ ದರ್ಜೆ, ಅವನು ಕೊಟ್ಟಾಗಲೇ ದುಡ್ಡು. ದೇಶದ ಎಲ್ಲ ಕಡೆಯೂ ಇದೇ ಗೋಳು ಇದ್ದುದರಿಂದ 1975ರಲ್ಲಿ ತಂಬಾಕು ಮಂಡಳಿ ಕಾಯ್ದೆ ಬಂತು, 1976ರ ಜನವರಿ 1ರಿಂದ ಗುಂಟೂರನ್ನು ಕೇಂದ್ರವಾಗಿಟ್ಟುಕೊಂಡು ಮಂಡಳಿ ಕೆಲಸ ಶುರುಮಾಡಿತು. 1984ರಲ್ಲಿ ಹರಾಜು ಪದ್ಧತಿ ಜಾರಿಯಾಯಿತು, ಆಂಧ್ರಕ್ಕಿಂತ ಮೊದಲು ಕರ್ನಾಟಕದಲ್ಲಿ. ಇವತ್ತು ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣ, ಕಂಪಲಾಪುರ, ಎಚ್.ಡಿ. ಕೋಟೆ, ಹಾಸನ ಜಿಲ್ಲೆಯ ರಾಮನಾಥಪುರ ಅಂದರೆ ಈ ಭಾಗದವರಿಗೆ ಊರಿನ ಹೆಸರಿಗಿಂತ ಮೊದಲು ನೆನಪಾಗುವುದು ಮಾರುಕಟ್ಟೆ.

ಅಂಗಳದೊಳಗೆ ನಡೆಯುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ದೊಡ್ಡ ತಗಡಿನ ಚಾವಣಿ, ಕೆಳಗೆ ಸಾಲುಸಾಲು ಬೇಲ್. ಪ್ರತಿ ಬೇಲ್ ಮೇಲೊಂದು ಚೀಟಿ: ತೂಕ, ದರ್ಜೆ, ಸಂಖ್ಯೆ. ಗೋಣಿತಾಟು ಬಿಚ್ಚಿದರೆ ನಿಂಬೆಹಣ್ಣಿನ ಬಣ್ಣದಿಂದ ಕಂದುಬಣ್ಣದವರೆಗೆ ಎಲೆ. ಖರೀದಿದಾರರು ಕೈ ಹಾಕಿ ಒಂದು ಹಿಡಿ ಎಳೆದು, ಹಿಚುಕಿ, ಮೂಸಿ ಮುಂದಕ್ಕೆ ಹೋಗುತ್ತಾರೆ. ಒಂದು ಬೇಲ್‌ಗೆ ಅವರು ಕೊಡುವ ಹೊತ್ತು ಕೆಲವೇ ಸೆಕೆಂಡು. ನಾಟಿಯಿಂದ ಹಿಡಿದು ಸೊಪ್ಪು ಒಣಗಿಸಿ ಹದಮಾಡುವ ಬ್ಯಾರನ್‌ನಲ್ಲಿ ರಾತ್ರಿಯಿಡೀ ಬೆಂಕಿ ಕಾದದ್ದರವರೆಗಿನ ಐದಾರು ತಿಂಗಳ ದುಡಿಮೆ ಆ ಸೆಕೆಂಡುಗಳಲ್ಲಿ ತೀರ್ಮಾನವಾಗುತ್ತದೆ. ಮೊದಲು ಕೂಗಿ ಹರಾಜು ಹಾಕುತ್ತಿದ್ದರು. 2010ರ ದಶಕದಲ್ಲಿ ಕೂಗು ನಿಂತು ಖರೀದಿದಾರರ ಕೈಗೆ ಯಂತ್ರ ಬಂತು. ಮುಂಬೈ ಷೇರುಪೇಟೆಯಲ್ಲಿ ಇದೇ ಥರ ಗದ್ದಲದ ಕಟ್ಟೆ ಹೋಗಿ ಪರದೆ ಬಂದದ್ದು 1995ರಲ್ಲಿ.

ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಬೇಲ್ ವಾಪಸ್ ಕೊಂಡೊಯ್ಯಬಹುದು. ನನ್ನ ಲೆಕ್ಕದಲ್ಲಿ 1984ರ ವ್ಯವಸ್ಥೆ ಕೊಟ್ಟ ದೊಡ್ಡ ಹಕ್ಕು ಇದು. ‘ಬುಡಪ್ಪ, ಮುಂದಿನ್ ವಾರ ನೋಡನ’ ಅಂದು ಬೇಲ್ ಹಿಂದಕ್ಕೆ ಹೊತ್ತವನು ಪೇಟೆಯನ್ನು ಒಂದು ಸುತ್ತು ತಡೆದು ನಿಲ್ಲಿಸಿದ ಹಾಗೆ. ಆದರೆ ಈ ಹಕ್ಕನ್ನು ಬಳಸುವುದು ಎಲ್ಲರಿಂದ ಆಗುವುದಿಲ್ಲ. ಬೇಲ್ ಮನೆಗೆ ಬಂದರೆ ಮತ್ತೆ ಬಾಡಿಗೆ, ಮತ್ತೆ ಹದ; ತೇವ ಆರಿದರೆ ತೂಕ ಇಳಿಯುತ್ತದೆ, ಹೆಚ್ಚಾದರೆ ಬೂಷ್ಟು, ಬಣ್ಣ ಕಂದಿದರೆ ದರ್ಜೆಯೇ ಕೆಳಗೆ. ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ. ಕೂಲಿ, ಸೌದೆ, ಗೊಬ್ಬರದ ಬಾಕಿಯವರು ಮಾರಾಟದ ದಿನವನ್ನೇ ಕಾಯುತ್ತಿರುತ್ತಾರೆ. ಸಾಲದ್ದಕ್ಕೆ ಮಾರುಕಟ್ಟೆಗೆ ಕೊನೆಯ ದಿನ ಇದೆ. ಸಾಲ ಕಡಿಮೆ ಇದ್ದವನು ಕಾಯುತ್ತಾನೆ, ಹೆಚ್ಚಿದ್ದವನು ಬಂದಷ್ಟಕ್ಕೆ ಕೊಟ್ಟು ಬರುತ್ತಾನೆ. ಸೊಪ್ಪಿನ ಬಣ್ಣ ಇಬ್ಬರದೂ ಒಂದೇ ಇರಬಹುದು.

ಬೆಲೆ ಕುಸಿದ ದಿನ ರೈತರೆಲ್ಲ ಒಟ್ಟಾಗಿ ಹರಾಜು ನಿಲ್ಲಿಸುವುದೂ ಇಲ್ಲಿ ಪ್ರತಿ ಹಂಗಾಮಿನಲ್ಲಿ ಕೇಳಿಬರುವ ಸುದ್ದಿ. ಷೇರುಪೇಟೆಯಲ್ಲಿ ಸೂಚ್ಯಂಕ ಒಂದೇ ದಿನ ಶೇ 10ರಷ್ಟು ಬಿದ್ದರೆ ವಹಿವಾಟು ತಾನಾಗಿ ನಿಲ್ಲುವ ಏರ್ಪಾಡಿದೆ. ಕಂಪಲಾಪುರದಲ್ಲಿ ಆ ಕೆಲಸವನ್ನು ರೈತರೇ ಮಾಡಿಕೊಳ್ಳಬೇಕು, ಅದೂ ಪೊಲೀಸರ ಎದುರು.

ಬೆಲೆ ಯಾಕೆ ಏರುತ್ತದೆ, ಯಾಕೆ ಬೀಳುತ್ತದೆ ಎಂಬುದು ಹುಣಸೂರಿನಲ್ಲಿ ಕೂತವರ ಕೈಯಲ್ಲಿಲ್ಲ. ಬ್ರೆಜಿಲ್‌ನಲ್ಲಿ, ಜಿಂಬಾಬ್ವೆಯಲ್ಲಿ ಬೆಳೆ ಕೆಟ್ಟರೆ ಇಲ್ಲಿ ಒಳ್ಳೆಯ ವರ್ಷ. ದೆಹಲಿಯಲ್ಲಿ ಸಿಗರೇಟಿನ ತೆರಿಗೆ ಏರಿದರೆ ಇಲ್ಲಿ ಆತಂಕ. 2017ರ ಜುಲೈ 17ರಂದು ಜಿಎಸ್‌ಟಿ ಮಂಡಳಿ ಸಿಗರೇಟಿನ ಸೆಸ್ ಏರಿಸಿತು. ಮರುದಿನ ಸಿಗರೇಟು ಕಂಪನಿ ಐಟಿಸಿಯ ಷೇರು ಶೇ 12ಕ್ಕೂ ಹೆಚ್ಚು ಬಿತ್ತು. ಆ ಹೊತ್ತಿಗೆ ಬಿಳಿಕೆರೆ ಸುತ್ತ ಸೊಪ್ಪು ಬಿಡಿಸಿ ಬ್ಯಾರನ್‌ಗೆ ಏರಿಸುವ ಕೆಲಸ ನಡೆಯುತ್ತಿರುತ್ತದೆ. ಷೇರು ಇದ್ದವನು ಒಂದು ಬೆಳಿಗ್ಗೆ ಅನುಭವಿಸಿದ್ದನ್ನು ಸೊಪ್ಪು ಇದ್ದವನು ಹರಾಜು ಶುರುವಾಗುವ ತನಕ ಹೊಟ್ಟೆಯಲ್ಲಿಟ್ಟುಕೊಂಡು ಕಾಯಬೇಕಾಯಿತು. (ಹೊಗೆಸೊಪ್ಪು ಬೆಳೆಯಬೇಕೋ ಬಾರದೋ ಎಂಬುದು ಬೇರೆ ಚರ್ಚೆ, ನಾನಂತೂ ಬೇಡ ಅನ್ನುವವನೇ. ಆದರೆ ಬೆಳೆದವನ ಲೆಕ್ಕ ಬೆಳೆದವನಿಗೇ ಗೊತ್ತು.)

ಇದೇ ಹೊಲಗಳಿಗೆ ಬಂದ ಇನ್ನೊಂದು ಪಾಠ ಶುಂಠಿ. 2023ರಲ್ಲಿ 60 ಕೆ.ಜಿ. ಚೀಲದ ಬೆಲೆ 10 ಸಾವಿರ ರೂಪಾಯಿ ದಾಟಿತು. ಹೊಲದಲ್ಲಿ ರಾತ್ರಿ ಕಾವಲು, ಕ್ಯಾಮೆರಾ, ಕಳವಿನ ದೂರು, ಎಲ್ಲ ನಡೆಯಿತು. ಮುಂದಿನ ವರ್ಷ ಎಲ್ಲರೂ ಶುಂಠಿ ಹಾಕಿದರು. 2025ರ ಆರಂಭಕ್ಕೆ ಬೆಲೆ ನೆಲಕಚ್ಚಿತ್ತು. ಶುಂಠಿಗೆ ಒಂದು ಅನುಕೂಲ ಇದೆ: ಬೆಲೆ ಇಲ್ಲದಿದ್ದರೆ ಕೀಳದೆ ಭೂಮಿಯಲ್ಲೇ ಬಿಡಬಹುದು. ಹಾಗೆ ಬಿಟ್ಟ ಹಳೆ ಶುಂಠಿಗೆ ಹೊಸದಕ್ಕಿಂತ ಹೆಚ್ಚು ಬೆಲೆ ಬಂದ ವರ್ಷಗಳೂ ಇವೆ. ಕೊಳೆರೋಗ ಬಂತೋ, ಕಾದವನಿಗೆ ಗೆಡ್ಡೆಯೂ ಇಲ್ಲ, ಗುತ್ತಿಗೆ ಕೊಟ್ಟ ದುಡ್ಡೂ ಇಲ್ಲ.

ಷೇರುಪೇಟೆ ಇಂಥ ಜನರ ಜೇಬಿಗೆ ಬಂದದ್ದು ಮೊಬೈಲ್ ಮೂಲಕ. 1996ರ ಡಿಪಾಸಿಟರಿ ಕಾಯ್ದೆ ಕಾಗದವನ್ನು ಕಂಪ್ಯೂಟರ್ ಖಾತೆ ಮಾಡಿತ್ತು. 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜೆರೋಧಾ, ಆಮೇಲೆ ಅದೇ ಊರಿನ ಗ್ರೋ, ದಲ್ಲಾಳಿಯ ಕಚೇರಿಯನ್ನೇ ಆ್ಯಪ್ ಮಾಡಿದವು. 2020ರ ಮಾರ್ಚ್‌ನಲ್ಲಿ ದೇಶದಲ್ಲಿದ್ದ ಡಿಮ್ಯಾಟ್ ಖಾತೆ ಸುಮಾರು 4 ಕೋಟಿ. 2025ರಲ್ಲಿ ಅದು 20 ಕೋಟಿ ದಾಟಿತು. ಲಾಕ್‌ಡೌನ್‌ನಲ್ಲಿ ಊರಿಗೆ ಮರಳಿದ ಹುಡುಗರು ಖಾತೆ ತೆರೆದದ್ದು ಅದೃಷ್ಟದ ಗಳಿಗೆಯಲ್ಲಿ. 2020ರ ಮಾರ್ಚ್ 23ರಂದು ಮುಂಬೈ ಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 3,934 ಅಂಶ, ಶೇ 13ಕ್ಕೂ ಹೆಚ್ಚು, ಬಿದ್ದಿತ್ತು. ನವೆಂಬರ್ ಹೊತ್ತಿಗೆ ಹಿಂದಿನ ದಾಖಲೆಯನ್ನೇ ಮುರಿಯಿತು. ಆ ವರ್ಷ ಕೊಂಡವರಿಗೆಲ್ಲ ತಾವು ಬುದ್ಧಿವಂತರು ಅನ್ನಿಸಿತು. ಶುಂಠಿಯ ಮೊದಲ ವರ್ಷದ ಹಾಗೆ.

ಆಮೇಲಿನದು ನಿಜವಾದ ಪರೀಕ್ಷೆ. 2024ರ ಜೂನ್ 4ರಂದು ಚುನಾವಣಾ ಫಲಿತಾಂಶದ ದಿನ ಸೆನ್ಸೆಕ್ಸ್ 4,390 ಅಂಶ ಕುಸಿಯಿತು. ಮೂರೇ ದಿನದಲ್ಲಿ ಕಳಕೊಂಡದ್ದೆಲ್ಲ ವಾಪಸ್. ಸೆಪ್ಟೆಂಬರ್ ಕೊನೆಗೆ 86 ಸಾವಿರದ ಅಂಚಿಗೆ ಹೋದ ಸೂಚ್ಯಂಕ ಅಲ್ಲಿಂದ ತಿಂಗಳುಗಟ್ಟಲೆ ಜಾರಿ, ಟ್ರಂಪ್ ಸುಂಕದ ಗಾಬರಿಯಲ್ಲಿ 2025ರ ಏಪ್ರಿಲ್ 7ರಂದು ಒಂದೇ ದಿನ 2,227 ಅಂಶ ಬಿದ್ದು 73 ಸಾವಿರದ ಬಳಿ ನಿಂತಿತು. ಅದೇ ವರ್ಷದ ಜನವರಿಯಲ್ಲಿ ಹೊಸದಾಗಿ ಶುರುವಾದ, ಕಂತಿನಲ್ಲಿ ದುಡ್ಡು ಹಾಕುವ ಎಸ್‌ಐಪಿಗಳಿಗಿಂತ ನಿಂತುಹೋದ, ಮುಗಿದ ಎಸ್‌ಐಪಿಗಳೇ ಹೆಚ್ಚು. ಜೂನ್ ಕುಸಿತಕ್ಕೆ ಹೆದರದವರು ಈ ನಿಧಾನದ ಜಾರಿಕೆಗೆ ಹೆದರಿದರು. ಒಂದು ದಿನದ ಹೊಡೆತ ತಡೆದುಕೊಳ್ಳಬಹುದು, ದಿನಾ ಸ್ವಲ್ಪ ಸ್ವಲ್ಪ ಕರಗುವುದನ್ನು ನೋಡುತ್ತ ಕೂರುವುದು ಕಷ್ಟ.

ನನಗೆ ವಿಚಿತ್ರ ಅನ್ನಿಸುವುದು ಇದು. ಷೇರನ್ನು ಸ್ವಂತ ದುಡ್ಡಿನಲ್ಲಿ ಕೊಂಡವನಿಗೆ ಹೊಗೆಸೊಪ್ಪಿನ ರೈತನಿಗಿಲ್ಲದ ಸೌಕರ್ಯ ಇದೆ. ಅವನ ಷೇರಿಗೆ ಬೂಷ್ಟು ಹಿಡಿಯುವುದಿಲ್ಲ, ಬಾಡಿಗೆ ಕಟ್ಟಬೇಕಿಲ್ಲ, ಮಾರ್ಚ್‌ಗೆ ಮಾರುಕಟ್ಟೆ ಮುಚ್ಚುವುದಿಲ್ಲ. ಆದರೂ ಹೊಸಬರಲ್ಲಿ ಬಹಳ ಮಂದಿ ಹೋಗಿ ಸೇರುವುದು ಫ್ಯೂಚರ್ಸ್, ಆಪ್ಷನ್ಸ್ ಎಂಬ ಎಫ್ ಅಂಡ್ ಓ ಕಡೆಗೆ. ಅಲ್ಲಿ ಕೊಂಡದ್ದಕ್ಕೆ ವಾಯಿದೆ ಇದೆ. ನಿಫ್ಟಿಯ ವಾರದ ಆಪ್ಷನ್ ಈಗ ಮಂಗಳವಾರ ಮುಗಿಯುತ್ತದೆ. ಲೆಕ್ಕಾಚಾರ ಸರಿಯಿದ್ದು ಬುಧವಾರ ಫಲಿಸಿದರೆ ಪ್ರಯೋಜನವಿಲ್ಲ. ಅಪ್ಪ ಯಾವ ಗಡುವಿನಿಂದ ಜೀವನಪೂರ್ತಿ ನರಳಿದನೋ ಆ ಗಡುವನ್ನು ಮಗ ದುಡ್ಡು ಕೊಟ್ಟು ಕೊಳ್ಳುತ್ತಾನೆ, ಎಷ್ಟೋ ಸಲ ಮನೆಯ ಒಡವೆ ಅಡವಿಟ್ಟು.

ಫಲಿತಾಂಶವನ್ನು ಷೇರುಪೇಟೆಯ ನಿಯಂತ್ರಕ ಸೆಬಿಯೇ ಕೊಟ್ಟಿದೆ. 2024ರ ಸೆಪ್ಟೆಂಬರ್‌ನ ಅಧ್ಯಯನದ ಪ್ರಕಾರ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಓ ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ನಷ್ಟ ಮಾಡಿಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಗಿಲು. ಇವರಲ್ಲಿ ಮುಕ್ಕಾಲು ಪಾಲು ವರ್ಷಕ್ಕೆ 5 ಲಕ್ಷಕ್ಕಿಂತ ಕಡಿಮೆ ಆದಾಯದವರು; ಹೆಚ್ಚಿನವರು ದೊಡ್ಡ 30 ನಗರಗಳ ಆಚೆಯವರು. ಆಚೆಯವರು ಅಂದರೆ ಹುಣಸೂರು, ಕೆ.ಆರ್. ನಗರದಂಥ ಊರುಗಳವರು.

ಹಾಗಂತ ಸುಮ್ಮನೆ ಕಾದರೆ ಸಾಕು ಅನ್ನುವ ಉಪದೇಶವನ್ನೂ ನಾನು ನಂಬುವುದಿಲ್ಲ. 1993ರಲ್ಲಿ 95 ರೂಪಾಯಿಗೆ ಬಂದ ಇನ್ಫೊಸಿಸ್ ಷೇರಿಗೆ ಆಗ ಗಿರಾಕಿಗಳೇ ಸಾಕಷ್ಟು ಸಿಗಲಿಲ್ಲ. ತೆಗೆದುಕೊಂಡು ಕಾದವರ ಕಥೆ ಎಲ್ಲರಿಗೂ ಬಾಯಿಪಾಠ. 2015ರಲ್ಲಿ 328 ರೂಪಾಯಿಗೆ ಬಂದ ನಮ್ಮ ಚಿಕ್ಕಮಗಳೂರಿನ ಕಾಫಿ ಡೇ ಷೇರನ್ನು ಹಿಡಿದು ಕಾದವರ ಕಥೆಯನ್ನು ಯಾರೂ ಹೇಳುವುದಿಲ್ಲ. 2019ರ ನಂತರ ಅದು ಆ ಬೆಲೆಯ ಹತ್ತಿರಕ್ಕೂ ಬರಲಿಲ್ಲ. ಸೂಚ್ಯಂಕ ಬಿದ್ದು ಎದ್ದರೆ ಅದರೊಳಗಿನ, ಹೊರಗಿನ ಪ್ರತಿ ಕಂಪನಿಯೂ ಏಳುತ್ತದೆ ಎಂದಲ್ಲ. ಹೊಗೆಸೊಪ್ಪಿನವರಿಗೆ ಇದು ಚೆನ್ನಾಗಿ ಗೊತ್ತು: ಹಳದಿ ಎಲೆಯ ಬೇಲ್ ಆದರೆ ಹಿಂದಕ್ಕೆ ಹೊತ್ತಾರು, ಕಪ್ಪು ತಿರುಗಿದ್ದನ್ನು ಬಂದಷ್ಟಕ್ಕೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಷೇರಿನಲ್ಲಿ ನಮ್ಮವರು ಮಾಡುವುದು ತದ್ವಿರುದ್ಧ. ಲಾಭದಲ್ಲಿರುವ ಒಳ್ಳೆಯದನ್ನು ಮಾರಿ, ನಷ್ಟದಲ್ಲಿರುವ ಕೆಟ್ಟದ್ದನ್ನು ‘ಅಸಲಾದರೂ ಬರಲಿ’ ಎಂದು ಇಟ್ಟುಕೊಳ್ಳುತ್ತಾರೆ.

ಕೊನೆಗೊಂದು ಮಾತು, ಹೊಸದಾಗಿ ಖಾತೆ ತೆರೆದವರಿಗೆ. ಹರಾಜು ಅಂಗಳದಲ್ಲಿ ಅನ್ಯಾಯವಾದರೆ ಕೇಳಲು ಹರಾಜು ಅಧೀಕ್ಷಕರು ಅಲ್ಲೇ ಇರುತ್ತಾರೆ. ಟೆಲಿಗ್ರಾಂ ಗುಂಪಿನಲ್ಲಿ ‘ಟಿಪ್ಸ್’ ಕೊಡುವವನಿಗೆ ವಿಳಾಸವಿಲ್ಲ. ದುಡ್ಡು ಹಾಕುವ ಮುನ್ನ ಅವನ ಹೆಸರು ಸೆಬಿಯ ನೋಂದಣಿ ಪಟ್ಟಿಯಲ್ಲಿದೆಯೇ ನೋಡಿ. ಅನುಮಾನ ಇದ್ದರೆ ಸೆಬಿಯ ಉಚಿತ ಸಹಾಯವಾಣಿ 1800 22 7575. ನಕಲಿ ಆ್ಯಪ್‌ಗೆ ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆ ಬಿಟ್ಟು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.